ಮುಳ್ಳಿನ ಮೊನೆಯಲ್ಲಿ ಬರುವ ಕರಿಬೂಷ್ಟು

2021ರ ಮೇ, ಜೂನ್ ತಿಂಗಳುಗಳಲ್ಲಿ ಕೋವಿಡಿನ ಎರಡನೆಯ ಅಲೆ ದೇಶವನ್ನು ನಡುಗಿಸುತ್ತಿದ್ದಾಗ ‘ಕಪ್ಪು ಶಿಲೀಂಧ್ರ’ ಎಂಬ ಮಾತು ಪತ್ರಿಕೆಗಳಿಂದ ಇಳಿದು ಮನೆಮನೆಯ ಜಗಲಿಗೂ ಬಂದು ಕುಳಿತಿತು. ಕೆಲವೇ ತಿಂಗಳುಗಳಲ್ಲಿ ಭಾರತದಲ್ಲಿ 40 ಸಾವಿರಕ್ಕೂ ಹೆಚ್ಚು ಮಂದಿಗೆ ಆ ರೋಗ ತಗಲಿತು. ಅನೇಕರು ಕಣ್ಣು ಕಳೆದುಕೊಂಡರು, ಸಾವಿರಾರು ಮಂದಿ ಜೀವವನ್ನೇ ಕಳೆದುಕೊಂಡರು. ಆದರೆ ವೈದ್ಯರು ‘ಮ್ಯೂಕೋರ್‌ಮೈಕೋಸಿಸ್’ ಎಂದು ಕರೆಯುವ ಆ ರೋಗಕ್ಕೆ ಕಾರಣವಾದ ಶಿಲೀಂಧ್ರ ಕಪ್ಪಗಿರಲಿಲ್ಲ. ಅದು ರಕ್ತನಾಳಗಳನ್ನು ಹೊಕ್ಕು ರಕ್ತದ ಹರಿವನ್ನು ತಡೆದಾಗ ಅಲ್ಲಿನ ಮಾಂಸ ಸತ್ತು ಕಪ್ಪಾಗುತ್ತಿತ್ತು. ಆ ಕಪ್ಪು ರೋಗಿಯ ಮಾಂಸದ್ದೇ ಹೊರತು ಶಿಲೀಂಧ್ರದ್ದಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬಂತೆ, ಕಪ್ಪೆಂದು ಹೆಸರು ಪಡೆದದ್ದೆಲ್ಲ ಕಪ್ಪಲ್ಲ.

ನಿಜವಾಗಿಯೂ ಕಪ್ಪಾಗಿರುವ ಶಿಲೀಂಧ್ರಗಳು ಬೇರೆಯೇ ಇವೆ. ಅವು ಗದ್ದಲ ಮಾಡುವುದಿಲ್ಲ, ಅಲೆಯಾಗಿ ಬರುವುದಿಲ್ಲ, ಪತ್ರಿಕೆಯ ಮುಖಪುಟವನ್ನು ಏರುವುದಿಲ್ಲ. ಕಲ್ಲಿನಲ್ಲಿ, ಮಣ್ಣಿನಲ್ಲಿ, ಕೊಳೆಯುವ ಕಟ್ಟಿಗೆಯಲ್ಲಿ, ಮುಳ್ಳಿನ ತುದಿಯಲ್ಲಿ ಅವು ಮೌನವಾಗಿ ಬದುಕುತ್ತವೆ. ಅಪರೂಪಕ್ಕೊಮ್ಮೆ ಬರಿಗಾಲಿನ ಕೃಷಿಕನ ಚರ್ಮದೊಳಕ್ಕೆ ಹೊಕ್ಕು ವರ್ಷಗಟ್ಟಲೆ ಅಲ್ಲಿಯೇ ಬೀಡುಬಿಡುತ್ತವೆ. ನಮ್ಮಂತಹ ಮಳೆಯ ನಾಡಿನವರು, ತೋಟ ಗದ್ದೆಗಳನ್ನು ನಂಬಿದವರು, ಇವುಗಳ ಪರಿಚಯ ಮಾಡಿಕೊಂಡಿರುವುದು ಒಳ್ಳೆಯದು.

ಕರಿ ಯೀಸ್ಟ್ ಎಂದರೇನು?

ಮಳೆಗಾಲದಲ್ಲಿ ಚಪ್ಪಲಿಯ ಮೇಲೆ, ಉಪ್ಪಿನಕಾಯಿಯ ಭರಣಿಯಲ್ಲಿ, ಹಳಸಿದ ರೊಟ್ಟಿಯ ಮೇಲೆ ಕಾಣಿಸಿಕೊಳ್ಳುವ ಬೂಷ್ಟನ್ನು ಎಲ್ಲರೂ ನೋಡಿದ್ದೇವೆ. ಅದು ನೂಲಿನಂತಹ ಎಳೆಗಳಾಗಿ ಹರಡುವ ಶಿಲೀಂಧ್ರ. ಕಳ್ಳನ್ನು ಹುಳಿಯಿಸುವ, ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟೂ ಶಿಲೀಂಧ್ರವೇ. ಆದರೆ ಅದಕ್ಕೆ ಎಳೆಗಳಿಲ್ಲ. ಒಂದೊಂದು ಕಣವೂ ಒಂಟಿಯಾಗಿ ಬದುಕುತ್ತದೆ, ಪಕ್ಕದಲ್ಲಿ ಮೊಗ್ಗಿನಂತೆ ಮರಿಯನ್ನು ಬಿಟ್ಟು ಸಂಖ್ಯೆ ಹೆಚ್ಚಿಸಿಕೊಳ್ಳುತ್ತದೆ.

ಕರಿ ಯೀಸ್ಟುಗಳು ಈ ಎರಡು ಬಗೆಗಳ ನಡುವೆ ನಿಂತಿವೆ. ನೀರು, ಆಹಾರ ಸಿಕ್ಕಿದಾಗ ಮೊಗ್ಗು ಬಿಟ್ಟು ಯೀಸ್ಟಿನಂತೆ ವರ್ತಿಸುತ್ತವೆ. ಬೇಕೆನಿಸಿದಾಗ ಎಳೆಗಳನ್ನು ಚಾಚಿ ಬೂಷ್ಟಿನಂತೆ ಹರಡುತ್ತವೆ. ಸಂಕಟದ ಕಾಲದಲ್ಲಿ ದಪ್ಪ ಗೋಡೆಯ ಗುಂಡು ಕಣಗಳಾಗಿ ಮುದುಡಿ ಕೂರುತ್ತವೆ. ಇವೆಲ್ಲ ಒಂದೇ ವಂಶದವುಗಳಲ್ಲ. ಬೇರೆ ಬೇರೆ ಕುಲದವು ಒಂದೇ ಬಗೆಯ ಬದುಕನ್ನು ಕಲಿತುಕೊಂಡಿವೆ. ಎಲ್ಲಕ್ಕೂ ಸಮಾನವಾದ ಗುರುತು ಒಂದೇ: ಕಣದ ಗೋಡೆಯಲ್ಲಿ ತುಂಬಿಕೊಂಡಿರುವ ಕಪ್ಪು ಬಣ್ಣ. ಆ ಬಣ್ಣದ ಹೆಸರು ಮೆಲನಿನ್.

ಬಣ್ಣವಲ್ಲ, ಕವಚ

ಮೆಲನಿನ್ ನಮಗೆ ಹೊಸದಲ್ಲ. ನಮ್ಮ ಕೂದಲನ್ನು ಕಪ್ಪಾಗಿಸಿರುವುದು, ಚರ್ಮಕ್ಕೆ ಕಂದು ಬಣ್ಣ ಕೊಟ್ಟಿರುವುದು ಅದೇ. ಬಿಸಿಲಿನ ಅತಿನೇರಳೆ ಕಿರಣಗಳು ಚರ್ಮದ ಕಣಗಳನ್ನು ಹಾಳು ಮಾಡದಂತೆ ಅದು ಕೊಡೆ ಹಿಡಿಯುತ್ತದೆ. ಕರಿ ಯೀಸ್ಟುಗಳು ಬೇರೆ ಮೂಲದ್ರವ್ಯದಿಂದ ತಮ್ಮದೇ ಬಗೆಯ ಮೆಲನಿನನ್ನು ತಯಾರಿಸುತ್ತವೆ. ಆದರೆ ನಮಗೆ ಅದು ಕೊಡೆಯಾದರೆ ಅವಕ್ಕೆ ಅದು ಪೂರ್ಣ ಯುದ್ಧಕವಚ. ಬಿಸಿಲು, ಒಣಗುವಿಕೆ, ವಿಷಕಾರಿ ಲೋಹಗಳು, ವಿಕಿರಣ, ಕೊನೆಗೆ ನಮ್ಮ ದೇಹ ಬಿಡುವ ರಾಸಾಯನಿಕ ಬಾಣಗಳು, ಎಲ್ಲವನ್ನೂ ಈ ಕವಚ ತಕ್ಕಮಟ್ಟಿಗೆ ತಡೆಯುತ್ತದೆ.

ಇದರ ಬಲ ಎಷ್ಟೆಂಬುದಕ್ಕೆ ಭತ್ತದ ಗದ್ದೆಯ ಉದಾಹರಣೆಯೊಂದಿದೆ. ಭತ್ತದ ಬೆಂಕಿರೋಗವನ್ನು ಹಳಬರೆಲ್ಲ ಬಲ್ಲರು. ಅದನ್ನು ತರುವ ಶಿಲೀಂಧ್ರ ಕರಿ ಯೀಸ್ಟಲ್ಲ, ಆದರೆ ಅದೂ ಇದೇ ಬಗೆಯ ಮೆಲನಿನನ್ನು ತಯಾರಿಸುತ್ತದೆ. ಎಲೆಯ ಮೇಲೆ ಬಿದ್ದೊಡನೆ ಅದು ಗುಮ್ಮಟದಂತಹ ಪುಟ್ಟ ಅಂಗವೊಂದನ್ನು ಕಟ್ಟಿ, ಅದರ ಒಳಗೋಡೆಗೆ ಮೆಲನಿನ್ ಬಳಿಯುತ್ತದೆ. ಆಗ ಒಳಗಿನ ದ್ರವ ಹೊರಗೆ ಸೋರದೆ ಒತ್ತಡ ಏರುತ್ತ ಹೋಗಿ 80 ವಾಯುಭಾರಗಳಷ್ಟಾಗುತ್ತದೆ. ಕಾರಿನ ಚಕ್ರದಲ್ಲಿರುವ ಗಾಳಿಯ ಒತ್ತಡ ಸುಮಾರು 2 ವಾಯುಭಾರವೆಂದರೆ ಇದರ ಬಲವನ್ನು ಊಹಿಸಿಕೊಳ್ಳಬಹುದು. ಈ ಒತ್ತಡದಿಂದ ಅದು ಗಟ್ಟಿಯಾದ ಎಲೆಯನ್ನು ಮೊಳೆ ಹೊಡೆದಂತೆ ತೂತು ಮಾಡುತ್ತದೆ. ಬೆಂಕಿರೋಗಕ್ಕೆಂದು ರೈತರು ಸಿಂಪಡಿಸುತ್ತ ಬಂದ ಟ್ರೈಸೈಕ್ಲಜೋಲ್ ಎಂಬ ಔಷಧ ಶಿಲೀಂಧ್ರವನ್ನು ನೇರವಾಗಿ ಕೊಲ್ಲುವುದಿಲ್ಲ. ಮೆಲನಿನ್ ತಯಾರಾಗದಂತೆ ತಡೆಯುತ್ತದೆ, ಅಷ್ಟೆ. ಬಣ್ಣ ಹೋದರೆ ಬಲವೂ ಹೋಗುತ್ತದೆ. ಎಲೆಯ ಬಾಗಿಲು ತೆರೆಯುವುದಿಲ್ಲ.

ಕಲ್ಲಿನಿಂದ ಅಂತರಿಕ್ಷದವರೆಗೆ

ಇಂತಹ ಕವಚ ತೊಟ್ಟವು ಎಲ್ಲೆಲ್ಲಿ ಬದುಕಬಲ್ಲವು ಎಂಬುದನ್ನು ಕಂಡು ವಿಜ್ಞಾನಿಗಳೇ ಬೆರಗಾಗಿದ್ದಾರೆ. ಗ್ರೀಸ್ ದೇಶದ ಅಥೆನ್ಸಿನ ಅಕ್ರೊಪೊಲಿಸ್, ಡೆಲೋಸ್ ದ್ವೀಪದ ಪ್ರಾಚೀನ ದೇಗುಲಗಳು ಮೊದಲಾದ ಕಡೆ ಅಮೃತಶಿಲೆಯ ಮೇಲೆ ಕಪ್ಪು ಚುಕ್ಕೆಗಳೂ ಸಣ್ಣ ಗುಳಿಗಳೂ ಬೀಳುತ್ತಿದ್ದವು. ಕಾರ್ಖಾನೆ, ವಾಹನಗಳ ಹೊಗೆಯೇ ಕಾರಣವೆಂದು ಬಹಳ ಕಾಲ ನಂಬಲಾಗಿತ್ತು. ಜರ್ಮನಿಯ ಕ್ರುಂಬೈನ್ ಮತ್ತು ಅವರ ಸಂಗಡಿಗರು 1990ರ ದಶಕದಲ್ಲಿ ಆ ಕಲೆಗಳನ್ನು ಪರೀಕ್ಷಿಸಿದಾಗ ಕಲ್ಲಿನೊಳಗೆ ಮನೆ ಮಾಡಿಕೊಂಡ ಕರಿ ಶಿಲೀಂಧ್ರಗಳು ಸಿಕ್ಕಿದವು. ಮೇಲೆ ಸುಡುವ ಬಿಸಿಲು, ಕೆಳಗೆ ಕಾದ ಕಲ್ಲು. ತಿಂಗಳುಗಟ್ಟಲೆ ನೀರಿನ ಹನಿಯಿಲ್ಲ. ಅಲ್ಲಿಯೂ ಅವು ಗಾಳಿಯಲ್ಲಿ ತೇಲಿ ಬಂದ ಧೂಳಿನಿಂದ ಅಷ್ಟಿಷ್ಟು ಆಹಾರ ಪಡೆದು, ಅತಿ ನಿಧಾನವಾಗಿ ಬೆಳೆಯುತ್ತವೆ. ನಿಧಾನವೇ ಅವುಗಳ ಬದುಕಿನ ಗುಟ್ಟು.

ಉಪ್ಪಿನ ವಿಷಯವೂ ಹಾಗೆಯೇ. ಸಮುದ್ರದ ನೀರಿನಲ್ಲಿ ಉಪ್ಪಿನ ಅಂಶ ನೂರಕ್ಕೆ ಸುಮಾರು ಮೂರೂವರೆ. ಹೊರ್ಟೇಯಾ ವರ್ನೆಕಿಯೈ ಎಂಬ ಕರಿ ಯೀಸ್ಟ್ ಉಪ್ಪೇ ಇಲ್ಲದ ನೀರಿನಲ್ಲಿಯೂ ಬೆಳೆಯಬಲ್ಲುದು, ನೂರಕ್ಕೆ 30ರಷ್ಟು ಉಪ್ಪಿರುವ ನೀರಿನಲ್ಲಿಯೂ ಬೆಳೆಯಬಲ್ಲುದು. ಸ್ಲೊವೇನಿಯಾ ದೇಶದ ನೀನಾ ಗುಂಡೆ-ಸಿಮರ್‌ಮನ್ ಎಂಬ ವಿಜ್ಞಾನಿ ಮತ್ತು ಅವರ ತಂಡ 2000ದಲ್ಲಿ ಆಡ್ರಿಯಾಟಿಕ್ ಕಡಲ ತೀರದ ಉಪ್ಪಿನ ಗದ್ದೆಗಳಲ್ಲಿ ಇದು ಸಹಜವಾಗಿ ನೆಲೆಸಿರುವುದನ್ನು ತೋರಿಸಿದರು. ಬ್ರೆಜಿಲ್ ದೇಶದಲ್ಲಿ ಉಪ್ಪು ಹಾಕಿ ಇಟ್ಟ ಮೀನಿನ ಮೇಲೆಯೂ ಇದು ಸಿಕ್ಕಿದೆ.

ದಕ್ಷಿಣ ಧ್ರುವದ ಅಂಟಾರ್ಕ್ಟಿಕಾದಲ್ಲಿ ಮಳೆ ಹಿಮಗಳು ತೀರಾ ವಿರಳವಾದ ಒಣ ಕಣಿವೆಗಳಿವೆ. ಭೂಮಿಯ ಮೇಲೆ ಮಂಗಳಗ್ರಹಕ್ಕೆ ಅತ್ಯಂತ ಹತ್ತಿರವಾದ ಪರಿಸರ ಅದೆಂದು ಹೇಳುತ್ತಾರೆ. ಅಲ್ಲಿನ ಮರಳುಗಲ್ಲಿನೊಳಗೆ ವಾಸಿಸುವ ಕ್ರಯೋಮೈಸಿಸ್ ಅಂಟಾರ್ಕ್ಟಿಕಸ್ ಎಂಬ ಕರಿ ಶಿಲೀಂಧ್ರವನ್ನು 2008ರಲ್ಲಿ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣಕ್ಕೆ ಕೊಂಡೊಯ್ದು ಹೊರಗೋಡೆಯ ಮೇಲೆ ಇಡಲಾಯಿತು. ಗಾಳಿಯಿಲ್ಲದ ಶೂನ್ಯ, ತಡೆಯಿಲ್ಲದ ಸೂರ್ಯಕಿರಣ, ವಿಕಿರಣ. ಒಂದೂವರೆ ವರ್ಷ ಕಳೆದು 2009ರಲ್ಲಿ ಕೆಳಗಿಳಿಸಿ ನೋಡಿದರೆ ಒಂದು ಪಾಲು ಇನ್ನೂ ಜೀವಂತವಾಗಿತ್ತು!

1986ರ ಏಪ್ರಿಲಿನಲ್ಲಿ ಸ್ಫೋಟಗೊಂಡ ಚೆರ್ನೋಬಿಲ್ ಅಣುಸ್ಥಾವರದ ಕಥೆ ಇನ್ನೂ ವಿಚಿತ್ರ. ಮನುಷ್ಯರು ಕಾಲಿಡಲಾಗದ ಆ ಅವಶೇಷದ ಗೋಡೆಗಳ ಮೇಲೆ ಕರಿ ಶಿಲೀಂಧ್ರಗಳು ಬೆಳೆದಿರುವುದನ್ನು ಉಕ್ರೇನಿನ ನೆಲ್ಲಿ ಝ್ದಾನೋವಾ ಎಂಬ ವಿಜ್ಞಾನಿ 1990ರ ದಶಕದಲ್ಲಿ ಗುರುತಿಸಿದರು. ನ್ಯೂಯಾರ್ಕಿನ ಡಡಚೋವಾ ಮತ್ತು ಕಾಸಡೆವಾಲ್ ಎಂಬವರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಾಮಾನ್ಯಕ್ಕಿಂತ ಸುಮಾರು 500 ಪಟ್ಟು ಹೆಚ್ಚಿನ ವಿಕಿರಣಕ್ಕೆ ಒಡ್ಡಿದ ಮೆಲನಿನ್‌ಯುಕ್ತ ಶಿಲೀಂಧ್ರಗಳು ಸಾಯುವ ಬದಲು ಹೆಚ್ಚು ಚುರುಕಾಗಿ ಬೆಳೆದವು. ಹಸುರು ಗಿಡ ಬಿಸಿಲನ್ನು ಉಣ್ಣುವಂತೆ ಇವು ವಿಕಿರಣವನ್ನೇ ಉಣ್ಣುತ್ತವೆ ಎಂದು ಕೆಲವರು ಹೇಳುವುದುಂಟು. ಅದು ಇನ್ನೂ ಸಿದ್ಧವಾದ ಮಾತಲ್ಲ. ವಿಕಿರಣವನ್ನು ತಾಳಿಕೊಳ್ಳುತ್ತವೆ ಎಂಬುದು ಮಾತ್ರ ನಿಸ್ಸಂಶಯ.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಪಾತ್ರೆ ತೊಳೆಯುವ ಯಂತ್ರಗಳ ರಬ್ಬರು ಪಟ್ಟಿಯನ್ನು ಹಲವು ದೇಶಗಳಲ್ಲಿ ಒರಸಿ ಪರೀಕ್ಷಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. 189 ಯಂತ್ರಗಳಲ್ಲಿ ನೂರಕ್ಕೆ 62ರಲ್ಲಿ ಶಿಲೀಂಧ್ರಗಳಿದ್ದವು. ಹಾಗೆ ಶಿಲೀಂಧ್ರ ಸಿಕ್ಕಿದ ಯಂತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಎಕ್ಸೋಫಿಯಾಲಾ ಎಂಬ ಕರಿ ಯೀಸ್ಟ್ ಇತ್ತು. ಕುದಿಯುವಂತಹ ನೀರು, ಖಾರವಾದ ಸಾಬೂನು, ಮರುಗಳಿಗೆಯಲ್ಲಿ ಒಣಗುವುದು, ಇವೆಲ್ಲ ಅದಕ್ಕೆ ಲೆಕ್ಕಕ್ಕಿಲ್ಲ.

ಮೈಯೂ ಒಂದು ಕಲ್ಲಿನಂತೆ

ಕಲ್ಲಿನಲ್ಲಿ ಬದುಕುವ ಜೀವಿಗೂ ಮನುಷ್ಯನ ಕಾಯಿಲೆಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಇಲ್ಲಿಯೇ ಇದೆ. ಮಣ್ಣಿನಲ್ಲಿರುವ ಲಕ್ಷಾಂತರ ಬಗೆಯ ಶಿಲೀಂಧ್ರಗಳಲ್ಲಿ ಹೆಚ್ಚಿನವಕ್ಕೆ ನಮ್ಮ ಮೈಯ 37 ಡಿಗ್ರಿ ಬಿಸಿಯೇ ಸಹಿಸಲಾಗದು. ಸಹಿಸಿದರೂ ರಕ್ತದ ಬಿಳಿಯ ಕಣಗಳು ಅವುಗಳನ್ನು ನುಂಗಿ, ಉಗ್ರವಾದ ಆಮ್ಲಜನಕದ ಸಂಯುಕ್ತಗಳನ್ನು ಸುರಿದು ಸುಟ್ಟುಬಿಡುತ್ತವೆ. ಬಿಸಿಲಿಗೆ ಕಾದ ಬಂಡೆಯ ಮೇಲೆ ಬಾಳಿದ ಕರಿ ಯೀಸ್ಟಿಗೆ ಈ ಬಿಸಿಯೂ ಹೊಸದಲ್ಲ, ಈ ಬಗೆಯ ಸುಡುವಿಕೆಯೂ ಹೊಸದಲ್ಲ. ಬಿಸಿಲಿನ ಕಿರಣಗಳೂ ಕಣದೊಳಗೆ ಅಂಥವೇ ಸಂಯುಕ್ತಗಳನ್ನು ಎಬ್ಬಿಸುತ್ತವೆ. ಅಲ್ಲಿ ಕಾಪಾಡಿದ ಮೆಲನಿನ್ ಇಲ್ಲಿಯೂ ಕಾಪಾಡುತ್ತದೆ. ಪ್ರಯೋಗಶಾಲೆಯಲ್ಲಿ ಮೆಲನಿನ್ ತಯಾರಿಸಲಾಗದಂತೆ ಮಾಡಿದ ಎಕ್ಸೋಫಿಯಾಲಾ ಡರ್ಮಟೈಟಿಡಿಸ್ ಕಣಗಳು ಇಲಿಗಳಲ್ಲಿ ರೋಗ ತರುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಂಡವು. ಇವುಗಳ ವಂಶಾವಳಿಯನ್ನು ಬಿಡಿಸಿ ನೋಡಿದವರು, ರೋಗಕಾರಕ ಕರಿ ಯೀಸ್ಟುಗಳ ಒಂದು ಮುಖ್ಯ ಮನೆತನಕ್ಕೆ ಕಲ್ಲಿನ ಮೇಲೆ ಬಾಳಿದ ಶಿಲೀಂಧ್ರಗಳೇ ಪೂರ್ವಜರಾಗಿರಬೇಕು ಎಂದು 2008ರಲ್ಲಿ ಅಭಿಪ್ರಾಯಪಟ್ಟರು.

ಅಂದರೆ ಇವು ಮನುಷ್ಯನನ್ನು ಬೇಟೆಯಾಡಲು ಹುಟ್ಟಿದವಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಬಾಗಿಲು ಸಿಕ್ಕಿದರೆ ಮಾತ್ರ ಒಳಗೆ ಬರುತ್ತವೆ. ಬಂದ ಮೇಲೆ ಹೊರಗಟ್ಟುವುದು ಕಷ್ಟ.

ಬಾಗಿಲುಗಳು ಹಲವು. ಅಮೆರಿಕದಲ್ಲಿ 2002ರಲ್ಲಿ ಬೆನ್ನುನೋವಿಗೆಂದು ಕೊಟ್ಟ ಸ್ಟೀರಾಯ್ಡ್ ಚುಚ್ಚುಮದ್ದಿನಲ್ಲಿ ಎಕ್ಸೋಫಿಯಾಲಾ ಸೇರಿಕೊಂಡಿದ್ದುದರಿಂದ ಐವರಿಗೆ ಸೋಂಕು ತಗಲಿ ಒಬ್ಬರು ತೀರಿಕೊಂಡರು. ಒಬ್ಬ ರೋಗಿಗೆ ಚುಚ್ಚುಮದ್ದು ಕೊಟ್ಟು ಐದು ತಿಂಗಳು ಕಳೆದ ಮೇಲೆ ರೋಗ ಹೊರಬಿತ್ತು. ಕ್ಲಾಡೋಫಿಯಲೋಫೋರಾ ಬಾಂಟಿಯಾನಾ ಎಂಬುದು ಮೆದುಳಿನಲ್ಲಿ ಕೀವುಗಡ್ಡೆ ಉಂಟುಮಾಡುತ್ತದೆ. ತೀರಾ ಅಪರೂಪವಾದರೂ ಜಗತ್ತಿನಲ್ಲಿ ವರದಿಯಾದ ಇಂತಹ ರೋಗಿಗಳಲ್ಲಿ ದೊಡ್ಡ ಪಾಲು ನಮ್ಮ ದೇಶದವರು. ಕೊಲ್ಲಿ ರಾಷ್ಟ್ರಗಳ ಕಡೆ ಕಾಣಿಸುವ ರೈನೋಕ್ಲಾಡಿಯೆಲ್ಲಾ ಮೆಕೆಂಝಿಯೈ ಇನ್ನೂ ಮಾರಕ. ಆದರೆ ಅದು ಲಕ್ಷಾಂತರ ಜನರಲ್ಲಿ ಒಬ್ಬರಿಗೂ ಬಾರದಷ್ಟು ವಿರಳವಾದುದರಿಂದ ಕೊಲ್ಲಿಯಲ್ಲಿ ಮಕ್ಕಳಿರುವ ತಾಯಂದಿರು ನಿದ್ದೆಗೆಡಬೇಕಾಗಿಲ್ಲ. ನಾವು ನಿಜವಾಗಿ ಗಮನಿಸಬೇಕಾದದ್ದು ಕೊಲ್ಲದಿದ್ದರೂ ಕಾಲನ್ನು ಕೆಡಿಸುವ ಮತ್ತೊಂದು ರೋಗವನ್ನು.

ನಾಚಿಕೆಮುಳ್ಳಿನ ನಂಟು

ಅದರ ಹೆಸರು ಉದ್ದ: ಕ್ರೋಮೋಬ್ಲಾಸ್ಟೋಮೈಕೋಸಿಸ್. 1911ರಲ್ಲಿ ಬ್ರೆಜಿಲಿನ ಸಾವೊ ಪೌಲೊ ನಗರದಲ್ಲಿ ಅಲೆಕ್ಸಾಂದ್ರಿನೊ ಪೆಡ್ರೋಸೊ ಎಂಬ ವೈದ್ಯರು ಇದನ್ನು ಗುರುತಿಸಿದರು. ಅದೇ ದೇಶದಲ್ಲಿದ್ದ ಜರ್ಮನ್ ವೈದ್ಯ ಮಾಕ್ಸ್ ರುಡಾಲ್ಫ್ 1914ರಲ್ಲಿ ಇದರ ವಿವರ ಪ್ರಕಟಿಸಿದರು. 1915ರಲ್ಲಿ ಬೋಸ್ಟನ್ನಿನ ಮೆಡ್ಲರ್ ಮತ್ತು ಲೇನ್ ಎಂಬವರು ಮತ್ತೊಬ್ಬ ರೋಗಿಯನ್ನು ವರ್ಣಿಸಿದರು. ರೋಗವನ್ನು ಹೆಚ್ಚಾಗಿ ತರುವ ಶಿಲೀಂಧ್ರಕ್ಕೆ ಪೆಡ್ರೋಸೊ ಅವರ ನೆನಪಿನಲ್ಲಿ ಫೋನ್ಸೆಕೇಯಾ ಪೆಡ್ರೋಸೊಯೈ ಎಂದು ಹೆಸರು.

ಇದು ಬಡ ಕೃಷಿಕರ ರೋಗ. ಬ್ರೆಜಿಲ್, ಮಡಗಾಸ್ಕರ್ ಮೊದಲಾದ ಬಿಸಿ ದೇಶಗಳಲ್ಲಿ ಬರಿಗಾಲಲ್ಲಿ ಹೊಲಕ್ಕಿಳಿಯುವವರಿಗೆ ಬರುತ್ತದೆ. ಬ್ರೆಜಿಲಿನ ಮರನ್ಯಾವೊ ಪ್ರಾಂತದಲ್ಲಿ ಬಬಾಸು ಎಂಬ ತಾಳೆಜಾತಿಯ ಕಾಯಿಯನ್ನು ಒಡೆದು ಎಣ್ಣೆಬೀಜ ತೆಗೆಯುವ ಹೆಂಗಸರಿದ್ದಾರೆ. ಒಡೆದ ಚಿಪ್ಪಿನ ರಾಶಿಯ ಮೇಲೆಯೇ ಕುಳಿತು ಅವರು ದಿನವಿಡೀ ದುಡಿಯುತ್ತಾರೆ. ಅವರಲ್ಲಿ ಈ ರೋಗ ಕುಳಿತುಕೊಳ್ಳುವ ಭಾಗದಲ್ಲಿ ಕಾಣಿಸಿಕೊಂಡಾಗ ಚಿಪ್ಪನ್ನು ಪರೀಕ್ಷಿಸಲಾಯಿತು. 2006ರಲ್ಲಿ ಆ ಚಿಪ್ಪಿನಿಂದಲೇ ಈ ಶಿಲೀಂಧ್ರವನ್ನು ಬೇರ್ಪಡಿಸಿದರು.

ಅದಕ್ಕೆ ಎರಡು ವರ್ಷ ಮೊದಲು ಅಮೆಜಾನ್ ಪ್ರದೇಶದಲ್ಲಿ ನಡೆದ ಇನ್ನೊಂದು ಶೋಧನೆ ನಮಗೆ ಮತ್ತೂ ಹತ್ತಿರದ್ದು. ರೋಗಿಯೊಬ್ಬ ತನಗೆ ಮುಳ್ಳು ಚುಚ್ಚಿದ ಜಾಗವನ್ನು ತೋರಿಸಿದ. ವೈದ್ಯರು ಅಲ್ಲಿನ ಗಿಡದ ಮುಳ್ಳುಗಳನ್ನು ಕಿತ್ತು ತಂದು ಪರೀಕ್ಷಿಸಿದಾಗ ಶಿಲೀಂಧ್ರ ಆ ಮುಳ್ಳಿನಲ್ಲಿಯೇ ಇತ್ತು. ಆ ಗಿಡ ಬೇರಾವುದೂ ಅಲ್ಲ, ನಾವು ಮುಟ್ಟಿದರೆ ಮುನಿ ಅಥವಾ ನಾಚಿಕೆಮುಳ್ಳು ಎನ್ನುವ, ಮಲೆಯಾಳಿಗಳು ತೊಟ್ಟಾವಾಡಿ ಎನ್ನುವ ಅದೇ ಗಿಡ! ಮೂಲತಃ ಅಮೆರಿಕ ಖಂಡದ ಈ ಕಳೆ ಇಂದು ನಮ್ಮ ಗುಡ್ಡ, ಹಡೀಲು ಬಿದ್ದ ಗದ್ದೆ, ತೋಟದ ಅಂಚು, ಶಾಲೆಯ ಆಟದ ಬಯಲು ಎಲ್ಲೆಡೆಯೂ ಹಬ್ಬಿದೆ. ಹಾಗೆಂದು ಪ್ರತಿಯೊಂದು ನಾಚಿಕೆಮುಳ್ಳಿನಲ್ಲಿಯೂ ರೋಗ ಕುಳಿತಿದೆಯೆಂದು ಭಾವಿಸಬಾರದು. ಈ ಶಿಲೀಂಧ್ರಗಳು ಯಾವುದೇ ಮುಳ್ಳಿನಲ್ಲಿ, ಕಟ್ಟಿಗೆಯ ಸಿಬಿರಿನಲ್ಲಿ, ಮಣ್ಣಿನಲ್ಲಿ ಇರಬಹುದು ಎಂಬುದೇ ಇದರ ತಾತ್ಪರ್ಯ.

ಭಾರತದಲ್ಲಿ ಇದರ ಮೊದಲ ವರದಿ 1957ರದು, ಅಸ್ಸಾಮಿನಿಂದ. 2017ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ದೇಶದ ಒಟ್ಟು 169 ಪ್ರಕರಣಗಳ ಲೆಕ್ಕವಿದೆ. ಹಿಮಾಲಯದ ತಪ್ಪಲು ಮತ್ತು ಕರಾವಳಿ, ಈ ಎರಡು ತೇವದ ಪಟ್ಟಿಗಳಲ್ಲಿಯೇ ಹೆಚ್ಚಿನವು. ಕೇರಳದಿಂದಲೂ ಕರ್ನಾಟಕದಿಂದಲೂ ವರದಿಗಳಿವೆ. ವರದಿಯಾದದ್ದು ಇಷ್ಟಾದರೆ, ಆಸ್ಪತ್ರೆಯ ಮೆಟ್ಟಲು ಹತ್ತದೆ ಹಳ್ಳಿಯಲ್ಲಿಯೇ ಉಳಿದವರು ಈ ಲೆಕ್ಕದಲ್ಲಿ ಸೇರಿಲ್ಲ ಎಂಬುದನ್ನು ಮರೆಯಬಾರದು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಇದನ್ನು ‘ಅಲಕ್ಷಿತ ಉಷ್ಣವಲಯದ ರೋಗ’ಗಳ ಪಟ್ಟಿಗೆ ಸೇರಿಸಿತು. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಅಡಿಕೆ, ತೆಂಗು, ರಬ್ಬರು, ಗೇರುಗಳ ನಡುವೆ ಬದುಕುವ ಕಾಸರಗೋಡಿನವರು ಈ ರೋಗದ ಭೂಪಟದ ಒಳಗೇ ಇದ್ದೇವೆ.

ಗುರುತಿಸುವುದು ಹೇಗೆ?

ಮುಳ್ಳು ಚುಚ್ಚಿದ್ದು ಮರೆತೇ ಹೋಗಿರುತ್ತದೆ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಪಾದದ ಮೇಲೆ ಅಥವಾ ಮೊಣಕಾಲಿನ ಕೆಳಗೆ ಸಣ್ಣದೊಂದು ಕೆಂಪು ಗುಳ್ಳೆ ಏಳುತ್ತದೆ. ನೋವಿಲ್ಲ, ಜ್ವರವಿಲ್ಲ; ಕೆಲವೊಮ್ಮೆ ತುರಿಕೆ ಮಾತ್ರ. ಅದು ನಿಧಾನವಾಗಿ ನರೂಲಿಯಂತೆ ಒರಟಾಗಿ, ವರ್ಷಗಳಲ್ಲಿ ಹೂಕೋಸಿನಂತೆ ಗಂಟುಗಂಟಾಗಿ ಹರಡುತ್ತದೆ. ಹತ್ತಿರದಿಂದ ನೋಡಿದರೆ ಅದರ ಮೇಲೆ ಕರಿಮೆಣಸಿನ ಪುಡಿ ಉದುರಿಸಿದಂತೆ ಸಣ್ಣ ಕಪ್ಪು ಚುಕ್ಕೆಗಳಿರುತ್ತವೆ. ಒಳಗಿನ ಶಿಲೀಂಧ್ರವನ್ನು ಚರ್ಮ ಮೇಲಕ್ಕೆ ತಳ್ಳುವ ಜಾಗಗಳೇ ಈ ಚುಕ್ಕೆಗಳು. ಇದೇ ಮುಖ್ಯ ಕುರುಹು.

ಬಹು ಕಾಲ ಹಾಗೆಯೇ ಬಿಟ್ಟರೆ ಕಾಲು ಆನೆಕಾಲಿನಂತೆ ಊದಿಕೊಳ್ಳಬಹುದು, ಕೀಲು ಮಡಚಲಾಗದೆ ಹೋಗಬಹುದು. ಹಲವು ವರ್ಷಗಳ ಹಳೆಯ ಹುಣ್ಣು ಕೆಲವರಲ್ಲಿ ಚರ್ಮದ ಅರ್ಬುದವಾಗಿ ಮಾರ್ಪಟ್ಟದ್ದೂ ಉಂಟು. ಕಲ್ಲಿನ ಮೇಲೆ ಈ ಜೀವಿಯನ್ನು ಉಳಿಸಿದ ನಿಧಾನವೇ ಇಲ್ಲಿ ನಮಗೆ ಅಪಾಯ. ಬೇಗ ಬೆಳೆದು ನೋಯಿಸುವ ಹುಣ್ಣಾದರೆ ಯಾರಾದರೂ ವೈದ್ಯರಲ್ಲಿಗೆ ಓಡುತ್ತಾರೆ. ನೋಯದ, ವರ್ಷಕ್ಕೆ ಒಂದಿಷ್ಟೇ ಬೆಳೆಯುವ ಗಂಟಿಗೆ ಒಂದು ದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗುವವರು ಯಾರು? ‘ಆಣಿ’ ಎಂದು ಕತ್ತಿಯಿಂದ ಕೊರೆದುಕೊಳ್ಳುವವರು, ಗೇರಿನ ಎಣ್ಣೆ ಹಚ್ಚಿ ಸುಟ್ಟುಕೊಳ್ಳುವವರು, ಅಂಗಡಿಯಿಂದ ಕೇಳಿ ತಂದ ಮುಲಾಮು ಬಳಿಯುವವರು ನಮ್ಮಲ್ಲಿ ಕಡಿಮೆಯಿಲ್ಲ. ಅಂಥ ಅನೇಕ ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಅದು ತುರಿಕೆಯನ್ನು ಅಡಗಿಸಿ ಶಿಲೀಂಧ್ರಕ್ಕೆ ಅನುಕೂಲವನ್ನೇ ಮಾಡಿಕೊಡುತ್ತದೆ. ಇನ್ನು ಕೆಲವರು ಇದನ್ನು ಕುಷ್ಠವೆಂದು ಹೆದರಿ ಮುಚ್ಚಿಡುತ್ತಾರೆ. ಇದು ಕುಷ್ಠವಲ್ಲ, ಮನೆಯವರಿಗೆ ಹರಡುವುದಿಲ್ಲ, ನಾಚಿಕೆಪಡಬೇಕಾದದ್ದೂ ಇಲ್ಲ.

ಚರ್ಮದ ಕ್ಷಯ, ಸಾಮಾನ್ಯ ನರೂಲಿ, ಅರ್ಬುದ ಇವೆಲ್ಲವೂ ನೋಡಲು ಹೀಗೆಯೇ ಇರುವುದರಿಂದ ಕಣ್ಣಿನ ಅಂದಾಜು ಸಾಲದು. ಪರೀಕ್ಷೆ ಮಾತ್ರ ಸುಲಭವಾದದ್ದು. ಕಪ್ಪು ಚುಕ್ಕೆಯಿರುವ ಕಡೆಯಿಂದ ಸ್ವಲ್ಪ ಚರ್ಮವನ್ನು ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ರೋಗವಿದ್ದರೆ ತಾಮ್ರದ ಕಾಸಿನಂತಹ ಕಂದು ಬಣ್ಣದ, ದಪ್ಪ ಗೋಡೆಯ, ನಡುವೆ ಅಡ್ಡಗೆರೆ ಉದ್ದಗೆರೆಗಳಿಂದ ಭಾಗವಾದ ಗುಂಡು ಕಣಗಳು ಕಾಣುತ್ತವೆ. ಒಂದೊಂದು ಕಣವೂ ಮಿಲಿಮೀಟರಿನ ನೂರರಲ್ಲಿ ಒಂದು ಪಾಲಿನ ಆಸುಪಾಸಿನದು. ಕಲ್ಲಿನಲ್ಲಿ ಸಂಕಟ ಬಂದಾಗ ತಾಳುವ ರೂಪವನ್ನೇ ಹೋಲುವ ರೂಪವಿದು. ನಮ್ಮ ಮೈಯೊಳಗೆ ಅದು ಎಳೆ ಚಾಚಿ ದಾಳಿ ಮಾಡುವುದಿಲ್ಲ; ಕವಚ ಬಿಗಿದು ಕುಳಿತುಬಿಡುತ್ತದೆ. ಔಷಧವನ್ನೂ ಆ ಕವಚ ತಡೆಯುವುದರಿಂದಲೇ ಚಿಕಿತ್ಸೆ ದೀರ್ಘವಾಗುತ್ತದೆ.

ಗಂಟು ಚಿಕ್ಕದಿರುವಾಗಲೇ ಹೋದರೆ ಶಸ್ತ್ರಕ್ರಿಯೆಯಿಂದ ಪೂರ್ತಿಯಾಗಿ ತೆಗೆದುಬಿಡಬಹುದು, ಅಥವಾ ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸಿ ನಾಶ ಮಾಡಬಹುದು. ಹರಡಿದ ಮೇಲೆ ಇಟ್ರಾಕೊನಜೋಲ್, ಟರ್ಬಿನಫಿನ್ ಮೊದಲಾದ ಗುಳಿಗೆಗಳನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ಆರು ತಿಂಗಳು, ಒಂದು ವರ್ಷ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಕಾಲ ನುಂಗಬೇಕಾಗುತ್ತದೆ. ಮಧ್ಯದಲ್ಲಿ ಬಿಟ್ಟರೆ ರೋಗ ಮರುಕಳಿಸುತ್ತದೆ. ತೊಗರಿಕಾಳಿನ ಗಾತ್ರದಲ್ಲಿದ್ದಾಗ ಒಂದು ದಿನದ ಕೆಲಸವಾಗಿದ್ದುದು ಅಂಗೈಯಗಲ ಆದ ಮೇಲೆ ವರ್ಷದ ಖರ್ಚಾಗುತ್ತದೆ.

ಹೆದರಬೇಕಾಗಿಲ್ಲದ ಒಂದು ಕಲೆ

ಇದೇ ಬಳಗದ ನಿರುಪದ್ರವಿ ಸದಸ್ಯನ ಬಗ್ಗೆಯೂ ಒಂದು ಮಾತು. ಮೇಲೆ ಹೇಳಿದ ಉಪ್ಪುಪ್ರಿಯ ಹೊರ್ಟೇಯಾ ಕರಾವಳಿಯ ಬಿಸಿ ಪ್ರದೇಶಗಳಲ್ಲಿ ಕೆಲವರ ಅಂಗೈಯಲ್ಲೋ ಅಂಗಾಲಿನಲ್ಲೋ ಮಸಿ ಚೆಲ್ಲಿದಂತಹ ಚಪ್ಪಟೆ ಕಲೆಯನ್ನು ಮಾಡುತ್ತದೆ. 1891ರಲ್ಲಿ ಬ್ರೆಜಿಲಿನ ಬಾಹಿಯಾದಲ್ಲಿ ಸೆರ್ಕೇರಾ ಎಂಬವರು ಇದನ್ನು ಮೊದಲು ಗಮನಿಸಿದರು. ನೋವಿಲ್ಲ, ಉಬ್ಬಿಲ್ಲ, ಚರ್ಮದ ಸತ್ತ ಮೇಲ್ಪದರದಲ್ಲಿ ಮಾತ್ರ ಇರುತ್ತದೆ. ಕೆಲವು ವಾರ ಮುಲಾಮು ಹಚ್ಚಿದರೆ ಹೋಗುತ್ತದೆ. ಆದರೆ ಚರ್ಮದ ಕಪ್ಪು ಅರ್ಬುದವೂ ಅಂಗಾಲಿನಲ್ಲಿ ಹೀಗೆಯೇ ಕಾಣಿಸಬಹುದಾದುದರಿಂದ ವೈದ್ಯರಿಗೆ ತೋರಿಸದೆ ಸುಮ್ಮನಿರುವುದು ಸಲ್ಲದು. ಇಲ್ಲಿಯೂ ಅದೇ ಕೆರೆದು ನೋಡುವ ಪರೀಕ್ಷೆ ಸಾಕು. ಎಷ್ಟೋ ಮಂದಿ ದೊಡ್ಡ ಶಸ್ತ್ರಕ್ರಿಯೆಯಿಂದ ಹೀಗೆ ಪಾರಾಗಿದ್ದಾರೆ.

ನಾವು ಮಾಡಬಹುದಾದದ್ದು

ತೋಟಕ್ಕೆ, ಗುಡ್ಡಕ್ಕೆ, ಸೊಪ್ಪು ಸವರಲು, ಕಟ್ಟಿಗೆ ತರಲು ಹೋಗುವಾಗ ಪಾದ ಮುಚ್ಚುವ ರಬ್ಬರು ಬೂಟನ್ನೋ ಗಟ್ಟಿ ಚಪ್ಪಲಿಯನ್ನೋ ಧರಿಸುವುದು ಮೊದಲನೆಯದು. ಕೆಸರಿನಲ್ಲಿ ಚಪ್ಪಲಿ ಹೂತುಹೋಗುತ್ತದೆ, ಜಾರುತ್ತದೆ ಎಂಬ ಕಷ್ಟ ನಿಜವೇ. ಕನಿಷ್ಠ ಬೇಲಿ ಕಟ್ಟುವಾಗ, ಕಾಡು ಕಡಿಯುವಾಗಲಾದರೂ ಕಾಲಿಗೆ ರಕ್ಷಣೆಯಿರಲಿ. ತೋಟದ ಒಡೆಯರು ಕೆಲಸದವರಿಗೆ ಕತ್ತಿ ಹಾರೆಗಳನ್ನು ಒದಗಿಸುವಂತೆ ಬೂಟನ್ನೂ ಒದಗಿಸಿದರೆ ಅದು ಉಪಕಾರವಲ್ಲ, ನ್ಯಾಯ.

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂಬ ಗಾದೆ ಲೋಕನೀತಿಗೆ ಸರಿ, ಕಾಲಿಗೆ ಸರಿಯಲ್ಲ. ಚುಚ್ಚಿದ ಮುಳ್ಳನ್ನು ಬೆಂಕಿಯಲ್ಲಿ ಕಾಸಿ ಆರಿಸಿದ ಸೂಜಿಯಿಂದ ತುಂಡು ಉಳಿಯದಂತೆ ತೆಗೆದು, ಸಾಬೂನು ನೀರಿನಿಂದ ಚೆನ್ನಾಗಿ ತೊಳೆಯಬೇಕು. ಧನುರ್ವಾಯುವಿನ ಚುಚ್ಚುಮದ್ದಿನ ವಿಷಯವನ್ನೂ ವೈದ್ಯರಲ್ಲಿ ಕೇಳಬೇಕು.

ಎರಡು ಮೂರು ತಿಂಗಳಾದರೂ ಮಾಯದ ಗುಳ್ಳೆ, ಮೆಲ್ಲಮೆಲ್ಲನೆ ಹರಡುವ ಒರಟು ಗಂಟು, ಅದರ ಮೇಲೆ ಕಪ್ಪು ಚುಕ್ಕೆ, ಇವುಗಳಲ್ಲಿ ಯಾವುದು ಕಂಡರೂ ಚರ್ಮರೋಗ ತಜ್ಞರಿಗೆ ತೋರಿಸಬೇಕು. ನಮ್ಮವರು ಮಂಗಳೂರಿಗೆ ಹೋಗಬಹುದು, ಪರಿಯಾರಕ್ಕೆ ಹೋಗಬಹುದು. ವೈದ್ಯರೊಡನೆ ಮಲೆಯಾಳದಲ್ಲಿ ವಿವರಿಸಲು ತಡವರಿಸುವ ಹಿರಿಯರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಅವರ ಸಂಗಡ ಹೋಗುವ ಮಕ್ಕಳು ನಾಲ್ಕು ಸಂಗತಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಲಿ: ಗಂಟು ಎಷ್ಟು ಕಾಲದಿಂದ ಇದೆ, ಮುಳ್ಳು ಅಥವಾ ಸಿಬಿರು ಚುಚ್ಚಿದ ನೆನಪಿದೆಯೇ, ಏನೇನು ಮುಲಾಮು ಹಚ್ಚಿದ್ದಾರೆ, ಏನು ಕೆಲಸ ಮಾಡುತ್ತಾರೆ. ಕೆರೆದು ನೋಡುವ ಪರೀಕ್ಷೆಗೆ ‘ಕೆ.ಒ.ಎಚ್.’ ಎಂದು ಹೆಸರು. ಈ ಮೂರಕ್ಷರ ಕನ್ನಡದಲ್ಲಿ ಹೇಳಿದರೂ ಮಲೆಯಾಳದಲ್ಲಿ ಹೇಳಿದರೂ ಒಂದೇ. ಶಿಲೀಂಧ್ರವಿರಬಹುದೇ, ಈ ಪರೀಕ್ಷೆ ಮಾಡಬಹುದೇ ಎಂದು ವಿನಯದಿಂದ ಕೇಳಿದರೆ ಯಾವ ವೈದ್ಯರೂ ಬೇಸರಿಸಲಾರರು.

ಮಳೆಗಾಲದ ಸಂಜೆ ತೋಟದಿಂದ ಬಂದ ಹಿರಿಯರು ಕಾಲು ತೊಳೆದು ಜಗಲಿಯಲ್ಲಿ ಕುಳಿತಾಗ, ಮನೆಯ ಮಕ್ಕಳು ಅವರ ಪಾದಗಳನ್ನೊಮ್ಮೆ ದೀಪದ ಬೆಳಕಿಗೆ ಹಿಡಿದು ನೋಡಲಿ. ‘ಇದೇನು ಅಜ್ಜ, ಎಷ್ಟು ದಿನದಿಂದ ಇದೆ?’ ಎಂದು ಕೇಳಲಿ. ‘ಅದು ಏನೂ ಇಲ್ಲ ಮಗಾ, ಮೂರು ವರ್ಷದಿಂದ ಹಾಗೆಯೇ ಇದೆ’ ಎಂಬ ಉತ್ತರ ಬಂದರೆ, ಮರುದಿನವೇ ಆಸ್ಪತ್ರೆಗೆ ಹೊರಡಲು ಅದೊಂದೇ ಕಾರಣ ಸಾಕು.